ಕನ್ನಡ ಪಠ್ಯದಿಂದ ಬಟನ್ ಗುರುತಿಸುವುದು, ಒತ್ತುವುದು: ಮೊಬೈಲ್ ಆ್ಯಪ್‌ಗಳ ಸ್ವಯಂಚಾಲಿತ ಪರೀಕ್ಷೆ ಕುರಿತು ಟಿಪ್ಪಣಿ

1. ವ್ಯಾಪ್ತಿ

ಮೊಬೈಲ್ ಆ್ಯಪ್‌ನ ಸ್ವಯಂಚಾಲಿತ ಪರೀಕ್ಷೆಯಲ್ಲಿ ‘ಬಟನ್ ಒತ್ತು’ ಎಂಬ ಒಂದು ಸಾಲು ವಾಸ್ತವದಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು ಹುಡುಕಾಟ: ಪರದೆಯ ರಚನೆಯನ್ನು ವಿವರಿಸುವ ಒಂದು ವೃಕ್ಷದಲ್ಲಿ, ಕೊಟ್ಟ ಗುರುತಿಗೆ ಹೊಂದುವ ನೋಡ್ ಯಾವುದೆಂದು ಕಂಡುಕೊಳ್ಳುವುದು. ಎರಡನೆಯದು ಒತ್ತುವಿಕೆ: ಆ ನೋಡ್‌ನ ಚೌಕಟ್ಟಿನಿಂದ ಒಂದು ಪಿಕ್ಸೆಲ್ ಬಿಂದುವನ್ನು ಲೆಕ್ಕಹಾಕಿ ಅಲ್ಲಿಗೆ ಸ್ಪರ್ಶದ ಘಟನೆಯನ್ನು ಕಳಿಸುವುದು. ಮೊದಲನೆಯದು ಅಕ್ಷರಮಾಲೆಗಳ ಹೋಲಿಕೆ, ಎರಡನೆಯದು ರೇಖಾಗಣಿತ. ಹುಡುಕಿದ ವಸ್ತುವೇ ಒತ್ತಲ್ಪಟ್ಟಿತು ಎಂಬುದಕ್ಕೆ ಇವೆರಡರ ನಡುವೆ ಸಾಮಾನ್ಯವಾಗಿ ಯಾವ ಖಾತರಿಯೂ ಇರುವುದಿಲ್ಲ. ಪರೀಕ್ಷೆ ‘ಪಾಸ್’ ಆಯಿತು ಎಂಬ ಹೇಳಿಕೆಯ ಅರ್ಥವ್ಯಾಪ್ತಿ ಅದು ತೋರುವುದಕ್ಕಿಂತ ಕಿರಿದು ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ. ಇಂಟರ್‌ಫೇಸ್ ಕನ್ನಡದಲ್ಲಿದ್ದಾಗ ಈ ಅಂತರ ಕೆಲವು ನಿರ್ದಿಷ್ಟ ಕಾರಣಗಳಿಂದ ಇನ್ನಷ್ಟು ಅಗಲವಾಗುತ್ತದೆ. ಆ ಕಾರಣಗಳು 5 ಮತ್ತು 6ನೇ ಭಾಗಗಳಲ್ಲಿವೆ.

ಚರ್ಚೆ ಮುಖ್ಯವಾಗಿ ಆಂಡ್ರಾಯ್ಡ್‌ನ ಯುಐ ಆಟೊಮೇಟರ್, ಎಸ್ಪ್ರೆಸೊ ಹಾಗೂ ಅವುಗಳನ್ನು ಒಳಗೆ ಬಳಸುವ ಆ್ಯಪಿಯಮ್ ಡ್ರೈವರ್‌ಗಳಿಗೆ ಸೀಮಿತ. ಐಓಎಸ್ ಹೋಲಿಕೆಗಷ್ಟೇ ಬಂದಿದೆ. ಯೂನಿಕೋಡ್ ಸಂಕೇತಬಿಂದುಗಳನ್ನು ವಾಡಿಕೆಯ ಹದಿನಾರರ ಮಾನದಲ್ಲಿ ಕೊಡದೆ ಉದ್ದಕ್ಕೂ ದಶಮಾನದಲ್ಲಿ ಕೊಟ್ಟಿದೆ. ಕನ್ನಡದ ವಿಭಾಗ 3200ರಿಂದ 3327ರವರೆಗೆ.

2. ಕಾಲಾನುಕ್ರಮ

ಯುಐ ಆಟೊಮೇಟರ್ 2012ರಲ್ಲಿ ಆಂಡ್ರಾಯ್ಡ್ 4.1ರ (ಎಪಿಐ 16) ಜೊತೆ ಬಂತು. ಆದರೆ ರಿಸೋರ್ಸ್-ಐಡಿಯಿಂದ ಹುಡುಕುವ ಸೌಲಭ್ಯ ಅದಕ್ಕೆ ದೊರೆತದ್ದು ಎಪಿಐ 18ರಲ್ಲಿ, ಅಂದರೆ 2013ರ ಆಂಡ್ರಾಯ್ಡ್ 4.3ರಲ್ಲಿ. ಈ ನಡುವಿನ ಅವಧಿಯಲ್ಲಿ ಪಠ್ಯ, ವಿವರಣೆ, ವರ್ಗದ ಹೆಸರು ಮತ್ತು ಕ್ರಮಸಂಖ್ಯೆಗಳೇ ಪರೀಕ್ಷಕರ ಕೈಯಲ್ಲಿದ್ದ ಗುರುತುಗಳು. ‘ಪರದೆಯ ಮೇಲೆ ಕಾಣುವ ಪಠ್ಯದಿಂದ ಹುಡುಕು’ ಎಂಬ ಅಭ್ಯಾಸ ಇಂದಿಗೂ ಗಟ್ಟಿಯಾಗಿ ಉಳಿದಿರುವುದಕ್ಕೆ ಇದು ಭಾಗಶಃ ಕಾರಣವಿರಬಹುದು. ಇದು ಅನುಮಾನ ಮಾತ್ರ. ಎಸ್ಪ್ರೆಸೊವನ್ನು ಗೂಗಲ್ ಸಾರ್ವಜನಿಕಗೊಳಿಸಿದ್ದು 2013ರ ಅಕ್ಟೋಬರ್‌ನಲ್ಲಿ. ಆ್ಯಪ್‌ನ ಪ್ರಕ್ರಿಯೆಯೊಳಗೇ ಓಡುವ ಎಸ್ಪ್ರೆಸೊ ವ್ಯೂ ವಸ್ತುಗಳನ್ನು ನೇರವಾಗಿ ಕಾಣಬಲ್ಲದು. ಯುಐ ಆಟೊಮೇಟರ್ ಹೊರಗಿನಿಂದ ಅಕ್ಸೆಸಿಬಿಲಿಟಿ ವ್ಯವಸ್ಥೆಯ ಮೂಲಕ ನೋಡುತ್ತದೆ. ಇವೆರಡನ್ನೂ ಒಂದೇ ವರ್ಗಕ್ಕೆ ಸೇರಿಸಿ ಬರೆದ ಪರಿಚಯ ಲೇಖನಗಳು ಸಾಕಷ್ಟಿವೆ. ಆ ವರ್ಗೀಕರಣ ಸರಿಯಲ್ಲ.

ಐಓಎಸ್‌ನಲ್ಲಿ ಯುಐ ಆಟೊಮೇಶನ್ ಎಂಬ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವ ಸಾಧನ 2010ರ ಐಓಎಸ್ 4ರ ಜೊತೆ ಬಂತು. 2015ರ ಎಕ್ಸ್‌ಕೋಡ್ 7ರಲ್ಲಿ ಎಕ್ಸ್‌ಸಿಟೆಸ್ಟ್‌ನ ಯುಐ ಪರೀಕ್ಷೆಗಳು ಅದರ ಸ್ಥಾನಕ್ಕೆ ಬಂದವು. 2016ರ ಎಕ್ಸ್‌ಕೋಡ್ 8ರಲ್ಲಿ ಹಳೆಯದನ್ನು ತೆಗೆದುಹಾಕಲಾಯಿತು.

ಆ್ಯಪಿಯಮ್‌ನ ಆರಂಭದ ವರ್ಷವನ್ನು ಬೇರೆಬೇರೆ ಬರಹಗಳು 2011, 2012, 2013, 2014 ಎಂದು ಕೊಡುತ್ತವೆ. ಪ್ರತಿಯೊಂದು ವರ್ಷಕ್ಕೂ ಒಂದು ಆಧಾರ ಇದೆ. ಯೋಜನೆಯೇ ಪ್ರಕಟಿಸಿರುವ ಇತಿಹಾಸದ ಪ್ರಕಾರ ಡ್ಯಾನ್ ಕ್ವೆಯರ್ ತಮ್ಮ ಉದ್ಯೋಗದ ಅಗತ್ಯಕ್ಕಾಗಿ ಇದರ ಮೂಲರೂಪವನ್ನು ರಚಿಸಿದ್ದು 2011ರಲ್ಲಿ. ಲಂಡನ್ನಿನ ಸೆಲೆನಿಯಮ್ ಸಮ್ಮೇಳನದಲ್ಲಿ ಅದು ಪ್ರದರ್ಶನಗೊಂಡದ್ದೂ ಮುಕ್ತ ತಂತ್ರಾಂಶವಾಗಿ ಹೊರಬಂದದ್ದೂ 2012ರಲ್ಲಿ. ಸಾಸ್ ಲ್ಯಾಬ್ಸ್ ಕಂಪನಿ ಬೆಂಬಲಕ್ಕೆ ನಿಂತ ಮೇಲೆ ನೋಡ್ ಜೆಎಸ್‌ನಲ್ಲಿ ಮರುರಚನೆ ನಡೆದದ್ದು 2013ರಲ್ಲಿ. 1.0 ಆವೃತ್ತಿ ಹೊರಬಂದದ್ದು 2014ರ ಮೇ ತಿಂಗಳಲ್ಲಿ. ಆದ್ದರಿಂದ ವರ್ಷವನ್ನು ಉಲ್ಲೇಖಿಸುವಾಗ ಯಾವ ಘಟನೆಯನ್ನು ಎಣಿಸಲಾಗಿದೆ ಎಂಬುದನ್ನೂ ಹೇಳುವುದು ಅಗತ್ಯ. ಆ್ಯಪಿಯಮ್ ಅನುಸರಿಸುವ ವೆಬ್‌ಡ್ರೈವರ್ ಡಬ್ಲ್ಯು3ಸಿಯ ಶಿಫಾರಸಿನ ಸ್ಥಾನ ಪಡೆದದ್ದು 2018ರ ಜೂನ್ 5ರಂದು, ಆ್ಯಪಿಯಮ್ ವ್ಯಾಪಕ ಬಳಕೆಗೆ ಬಂದ ನಂತರ.

3. ವೃಕ್ಷ

‘ಯುಐ ಆಟೊಮೇಟರ್ ಡಂಪ್’ ಆದೇಶ ಆ ಕ್ಷಣದ ಪರದೆಯನ್ನು ಎಕ್ಸ್‌ಎಂಎಲ್ ಆಗಿ ಬರೆದುಕೊಡುತ್ತದೆ. ಪ್ರತಿ ನೋಡ್‌ಗೆ ಟೆಕ್ಸ್ಟ್, ರಿಸೋರ್ಸ್-ಐಡಿ, ಕ್ಲಾಸ್, ಪ್ಯಾಕೇಜ್, ಕಂಟೆಂಟ್-ಡೆಸ್ಕ್, ಕ್ಲಿಕೆಬಲ್, ಎನೇಬಲ್ಡ್, ಬೌಂಡ್ಸ್ ಮೊದಲಾದ ಲಕ್ಷಣಗಳಿರುತ್ತವೆ. ಈ ವೃಕ್ಷ ಪರದೆಯ ಚಿತ್ರವಲ್ಲ, ಆ್ಯಪ್‌ನ ಒಳರಚನೆಯ ನಕಲೂ ಅಲ್ಲ. ದೃಷ್ಟಿಹೀನ ಬಳಕೆದಾರರಿಗಾಗಿ ಟಾಕ್‌ಬ್ಯಾಕ್‌ನಂಥ ಓದುಗ ತಂತ್ರಾಂಶ ಬಳಸುವ ಅದೇ ಮಾಹಿತಿ ಇದು. ಪರೀಕ್ಷಾ ಸಾಧನಗಳು ಅದನ್ನು ಎರವಲು ಪಡೆದಿವೆ.

ಎರವಲಿನ ಪರಿಣಾಮಗಳು ಮೂರು ಕಡೆ ಎದ್ದು ಕಾಣುತ್ತವೆ. ಅಕ್ಸೆಸಿಬಿಲಿಟಿಗೆ ಮುಖ್ಯವಲ್ಲ ಎಂದು ಗುರುತಿಸಿದ ವ್ಯೂಗಳನ್ನು ಸೇರಿಸಬೇಕೆ, ಬಿಡಬೇಕೆ ಎಂಬುದು ಒಂದು ಫ್ಲ್ಯಾಗ್‌ನ ಮೇಲೆ ನಿಂತಿದೆ. ಡಂಪ್ ಆದೇಶಕ್ಕೆ ‘ಕಂಪ್ರೆಸ್ಡ್’ ಎಂಬ ಆಯ್ಕೆ ಇದೆ. ಅದರೊಡನೆ ಮತ್ತು ಅದಿಲ್ಲದೆ ಪಡೆದ ಎರಡು ವೃಕ್ಷಗಳ ಆಳ ಒಂದೇ ಆಗಿರಬೇಕಿಲ್ಲ. ಹೀಗಾಗಿ ‘ಮೂರನೆಯ ಲೇಔಟ್‌ನ ಎರಡನೆಯ ಮಗು’ ಎಂಬ ಬಗೆಯ ಎಕ್ಸ್‌ಪಾತ್ ದಾರಿ ಒಂದು ವ್ಯವಸ್ಥೆಯಲ್ಲಿ ಹೊಂದಿ ಇನ್ನೊಂದರಲ್ಲಿ ತಪ್ಪಬಹುದು. ಉದ್ದನೆಯ ಪಟ್ಟಿಗಳಲ್ಲಿ ಪರದೆಯ ಮೇಲೆ, ಅಥವಾ ಅದರ ಅಂಚಿನ ಸಮೀಪ, ಹಾಕಲಾದ ಸಾಲುಗಳಷ್ಟೇ ವೃಕ್ಷದಲ್ಲಿರುತ್ತವೆ. ಕೆಳಗಿನ ಸಾಲು ‘ಇಲ್ಲ’ ಎಂಬ ಫಲಿತಾಂಶದ ಅರ್ಥ ಆ ಸಾಲು ಇನ್ನೂ ಹುಟ್ಟಿಲ್ಲ ಎಂದಷ್ಟೇ. ತಾನೇ ಪರದೆಯನ್ನು ಬಿಡಿಸುವ ಫ್ಲಟರ್, ಕಂಪೋಸ್‌ನಂಥ ವ್ಯವಸ್ಥೆಗಳಲ್ಲಿ ಹಳೆಯ ಅರ್ಥದ ವ್ಯೂಗಳೇ ಇರುವುದಿಲ್ಲ, ಸೆಮ್ಯಾಂಟಿಕ್ಸ್ ಎಂಬ ಪ್ರತ್ಯೇಕ ವೃಕ್ಷವನ್ನು ಅವು ಹೊರಗೆ ಒಡ್ಡುತ್ತವೆ. ಜೆಟ್‌ಪ್ಯಾಕ್ ಕಂಪೋಸ್‌ನ ಟೆಸ್ಟ್-ಟ್ಯಾಗ್ ಯುಐ ಆಟೊಮೇಟರ್‌ಗೆ ತಾನಾಗಿ ಕಾಣುವುದಿಲ್ಲ. ಅದನ್ನು ರಿಸೋರ್ಸ್-ಐಡಿಯಾಗಿ ತೋರಿಸುವಂತೆ ಪ್ರತ್ಯೇಕವಾಗಿ ಸೂಚಿಸಬೇಕು.

4. ಪಠ್ಯೇತರ ಗುರುತುಗಳು

ಆ್ಯಪಿಯಮ್‌ನಲ್ಲಿ ‘ಅಕ್ಸೆಸಿಬಿಲಿಟಿ ಐಡಿ’ ಎಂಬ ಒಂದೇ ಹೆಸರಿನ ವಿಧಾನ ಆಂಡ್ರಾಯ್ಡ್‌ನಲ್ಲಿ ಕಂಟೆಂಟ್-ಡೆಸ್ಕ್ ಅನ್ನೂ ಐಓಎಸ್‌ನಲ್ಲಿ ಅಕ್ಸೆಸಿಬಿಲಿಟಿ ಐಡೆಂಟಿಫಯರ್ ಅನ್ನೂ ಹುಡುಕುತ್ತದೆ. ಹೆಸರು ಒಂದೇ ಆದರೂ ಸ್ವಭಾವ ಬೇರೆ. ಐಓಎಸ್ 5ರಲ್ಲಿ (2011) ಬಂದ ಐಡೆಂಟಿಫಯರ್ ಬಳಕೆದಾರರಿಗೆ ಕೇಳಿಸುವುದಿಲ್ಲ. ಆಂಡ್ರಾಯ್ಡ್‌ನ ಕಂಟೆಂಟ್-ಡೆಸ್ಕ್ ಟಾಕ್‌ಬ್ಯಾಕ್ ಗಟ್ಟಿಯಾಗಿ ಓದುವ ಪಠ್ಯ. ಎರಡೂ ವೇದಿಕೆಗಳಿಗೆ ಒಂದೇ ಪರೀಕ್ಷೆ ಸಾಕಾಗಲಿ ಎಂದು ‘ಬಿಟಿಎನ್-ಸಬ್ಮಿಟ್-01’ ಮಾದರಿಯ ಗುರುತನ್ನು ಕಂಟೆಂಟ್-ಡೆಸ್ಕ್‌ನಲ್ಲಿ ತುಂಬಿದರೆ, ಕನ್ನಡದಲ್ಲಿ ‘ಸಲ್ಲಿಸಿ’ ಎಂದು ಕೇಳಿಸಬೇಕಾದ ಬಟನ್ ದೃಷ್ಟಿಹೀನ ಬಳಕೆದಾರರಿಗೆ ಅರ್ಥವಿಲ್ಲದ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಕೇಳಿಸುತ್ತದೆ. ಪರೀಕ್ಷೆಯ ಅನುಕೂಲಕ್ಕಾಗಿ ಉತ್ಪನ್ನವನ್ನು ಕೆಡಿಸುವ ಈ ರೂಢಿಯನ್ನು ಸಮರ್ಥಿಸುವುದು ಕಷ್ಟ. ಆಂಡ್ರಾಯ್ಡ್‌ನಲ್ಲಿ ಈ ಕೆಲಸಕ್ಕೆ ರಿಸೋರ್ಸ್-ಐಡಿ ಇದ್ದೇ ಇದೆ.

ರಿಸೋರ್ಸ್-ಐಡಿಯೂ ಸ್ಥಿರ ಎನ್ನಲಾಗದು. 2015ರ ಆಂಡ್ರಾಯ್ಡ್ 6.0ರಿಂದ ಆ್ಯಪ್ ಓಡುತ್ತಿರುವಾಗಲೇ ಅನುಮತಿ ಕೇಳುವ ಸಂವಾದ ಪೆಟ್ಟಿಗೆ ಬರುತ್ತದೆ. ಅದು ಆ್ಯಪ್‌ನದ್ದಲ್ಲ, ಕಾರ್ಯವ್ಯವಸ್ಥೆಯದ್ದು. ಅದರ ಒಪ್ಪಿಗೆಯ ಬಟನ್‌ನ ಐಡಿ ಆಂಡ್ರಾಯ್ಡ್ 9ರವರೆಗೆ ‘ಪ್ಯಾಕೇಜ್ ಇನ್‌ಸ್ಟಾಲರ್’ ಎಂಬ ಪೂರ್ವಪದದಿಂದ, 10ರಿಂದ ‘ಪರ್ಮಿಶನ್ ಕಂಟ್ರೋಲರ್’ ಎಂಬ ಪೂರ್ವಪದದಿಂದ ಆರಂಭವಾಗುತ್ತದೆ. ಸ್ಥಳದ ಅನುಮತಿಗೆ ‘ಬಳಸುವಾಗ ಮಾತ್ರ’ ಎಂಬ ಪ್ರತ್ಯೇಕ ಬಟನ್ 10ರಲ್ಲೂ, ‘ಈ ಒಂದು ಸಲ’ ಎಂಬುದು 11ರಲ್ಲೂ ಸೇರಿದವು. ಅವುಗಳ ಐಡಿಗಳು ಬೇರೆ. ಗೂಗಲ್ ಸೇವೆಗಳಿರುವ ಫೋನ್‌ಗಳ ಡಂಪ್‌ನಲ್ಲಿ ಇನ್ನೊಂದು ವ್ಯತ್ಯಾಸ ಕಾಣುತ್ತದೆ: ಪ್ಯಾಕೇಜ್ ಲಕ್ಷಣದಲ್ಲಿ ‘ಗೂಗಲ್’ ಸೇರಿದ ಹೆಸರು ಇದ್ದರೂ ಅದೇ ನೋಡ್‌ನ ರಿಸೋರ್ಸ್-ಐಡಿಯ ಪೂರ್ವಪದದಲ್ಲಿ ಆ ಪದ ಇರುವುದಿಲ್ಲ. ಪ್ಯಾಕೇಜ್ ಹೆಸರನ್ನು ನೋಡಿ ಐಡಿಯನ್ನು ಊಹಿಸಿ ಬರೆದ ಪರೀಕ್ಷೆ ಇಲ್ಲಿ ಸೋಲುತ್ತದೆ. ಪಠ್ಯದಿಂದ ಹುಡುಕಿದರೆ ಫೋನ್‌ನ ಭಾಷೆ ಅಡ್ಡಬರುತ್ತದೆ. ಪೆಟ್ಟಿಗೆ ಕಾರ್ಯವ್ಯವಸ್ಥೆಯದಾದ್ದರಿಂದ ಅದರ ಭಾಷೆ ಫೋನ್‌ನ ಸೆಟ್ಟಿಂಗ್ ಅನ್ನು ಅನುಸರಿಸುವ ಸಂಭವವೇ ಹೆಚ್ಚು. 2022ರ ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್‌ಗೆ ಪ್ರತ್ಯೇಕ ಭಾಷೆ ಆಯ್ದುಕೊಳ್ಳಲು ಸಾಧ್ಯವಿರುವುದರಿಂದ, ಆ್ಯಪ್ ಕನ್ನಡದಲ್ಲಿ, ಅನುಮತಿ ಪೆಟ್ಟಿಗೆ ಇಂಗ್ಲಿಷಿನಲ್ಲಿ ಇರುವ ಪರದೆ ಅಪರೂಪವೇನಲ್ಲ.

5. ಕನ್ನಡ ಪಠ್ಯದ ಸಮಾನತೆ

ಪಠ್ಯದಿಂದ ಹುಡುಕುವಾಗ ಕೇಳುವ ಪ್ರಶ್ನೆ ಒಂದೇ: ಪರೀಕ್ಷೆಯಲ್ಲಿ ಬರೆದ ಮಾಲೆಯೂ ನೋಡ್‌ನಲ್ಲಿರುವ ಮಾಲೆಯೂ ಸಮಾನವೆ? ಓದುಗರಿಗೆ ಒಂದೇ ಎನಿಸುವ ಎರಡು ಕನ್ನಡ ಮಾಲೆಗಳು ಯಂತ್ರಕ್ಕೆ ಬೇರೆಯಾಗಲು ಕನಿಷ್ಠ ನಾಲ್ಕು ದಾರಿಗಳಿವೆ.

5.1 ವಿಭಜಿತ ಸ್ವರಚಿಹ್ನೆಗಳು. ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳಿಗೆ ಕ್ಯಾನಾನಿಕಲ್ ವಿಭಜನೆ ಇದೆ. ಈತ್ವ (3264) = 3263 + 3285; ಏತ್ವ (3271) = 3270 + 3285; ಐತ್ವ (3272) = 3270 + 3286; ಒತ್ವ (3274) = 3270 + 3266; ಓತ್ವ (3275) = 3274 + 3285. ಓತ್ವದ ಮೊದಲ ಘಟಕ ಮತ್ತೆ ಒಡೆಯುವುದರಿಂದ ಪೂರ್ಣ ವಿಭಜನೆಯಲ್ಲಿ ಅದು ಮೂರು ಬಿಂದುಗಳಾಗುತ್ತದೆ. ‘ಹೋಗಿ’ ಎಂಬ ಬಟನ್‌ನ ಪಠ್ಯ ಸಂಯುಕ್ತ ರೂಪದಲ್ಲಿ 4 ಸಂಕೇತಬಿಂದು, ಪೂರ್ಣ ವಿಭಜಿತ ರೂಪದಲ್ಲಿ 6, ಅರೆ ವಿಭಜಿತ ರೂಪದಲ್ಲಿ 5. ಮೂರೂ ಪರದೆಯ ಮೇಲೆ ಒಂದೇ ರೀತಿ ಮೂಡಬೇಕೆಂಬುದು ಯೂನಿಕೋಡ್‌ನ ಅಪೇಕ್ಷೆ.

ಹೋಲಿಕೆಯ ನಿಯಮ ಸಾಧನದ ಪದರದಿಂದ ಪದರಕ್ಕೆ ಬದಲಾಗುತ್ತದೆ. ಜಾವಾ, ಕಾಟ್ಲಿನ್, ಜಾವಾಸ್ಕ್ರಿಪ್ಟ್, ಪೈಥಾನ್ ಭಾಷೆಗಳ ಸಾಮಾನ್ಯ ಸಮಾನತೆ ಸಂಕೇತಗಳ ನೇರ ಹೋಲಿಕೆ. ಮೇಲಿನ ಮೂರು ರೂಪಗಳು ಅವಕ್ಕೆ ಮೂರು ಬೇರೆ ಮಾಲೆಗಳು. ಸ್ವಿಫ್ಟ್‌ನ ಸ್ಟ್ರಿಂಗ್ ಸಮಾನತೆ ಕ್ಯಾನಾನಿಕಲ್ ಸಮಾನತೆಯನ್ನು ಪಾಲಿಸುವುದರಿಂದ ಅದಕ್ಕೆ ಮೂರೂ ಒಂದೇ. ಅದೇ ಐಓಎಸ್‌ನ ಹಳೆಯ ಎನ್‌ಎಸ್‌ಸ್ಟ್ರಿಂಗ್ ಸಂಕೇತಗಳನ್ನು ನೇರ ಹೋಲಿಸುತ್ತದೆ. 1999ರ ಎಕ್ಸ್‌ಪಾತ್ 1.0 ಶಿಫಾರಸು ಈ ಬಗ್ಗೆ ಸ್ಪಷ್ಟವಾಗಿದೆ: ಅಕ್ಷರಗಳ ಅನುಕ್ರಮ ಒಂದೇ ಆಗಿದ್ದರೆ ಮಾತ್ರ ಮಾಲೆಗಳು ಸಮಾನ. ಎರಡೂ ಕಡೆಯ ಪಠ್ಯ ಪ್ರಮಾಣಿತ ರೂಪಕ್ಕೆ ಬಂದಿರದಿದ್ದರೆ ಅನಿರೀಕ್ಷಿತ ಫಲಿತಾಂಶ ಬರಬಹುದೆಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಮೊಬೈಲ್ ಪರೀಕ್ಷೆಗಳಲ್ಲಿ ಎಕ್ಸ್‌ಪಾತ್ ಇಷ್ಟು ಬಳಕೆಯಲ್ಲಿದ್ದರೂ ಈ ಎಚ್ಚರಿಕೆ ತರಬೇತಿ ಪಾಠಗಳಿಗೆ ಇಳಿದಂತೆ ತೋರುವುದಿಲ್ಲ.

ಈ ಮೊದಲ ಬಗೆಗೆ ಪರಿಹಾರ ಪೂರ್ಣ: ಎರಡೂ ಮಾಲೆಗಳನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್ ಪ್ರಮಾಣಿತ (ಸಂಯುಕ್ತ) ರೂಪಕ್ಕೆ ತಂದು ಹೋಲಿಸಿದರೆ ವ್ಯತ್ಯಾಸ ಅಳಿಯುತ್ತದೆ. ಕನ್ನಡದ ಈ ಐದು ಚಿಹ್ನೆಗಳು ಸಂಯೋಜನೆಯಿಂದ ಹೊರಗಿಟ್ಟ ಪಟ್ಟಿಯಲ್ಲಿ ಇಲ್ಲ. ಮುಂದಿನ ಮೂರು ಬಗೆಗಳಿಗೆ ಈ ಮಾತು ಅನ್ವಯಿಸದು.

5.2 ಕಾಣದ ಜೋಡಕಗಳು. ‘ಪಾಸ್‌ವರ್ಡ್’ ಎಂದು ಬರೆಯುವಾಗ ಸಕಾರದ ವಿರಾಮದ ನಂತರ ನಾನ್-ಜಾಯ್ನರ್ (8204) ಸೇರಿಸಿದರೆ 10 ಸಂಕೇತಬಿಂದುಗಳು. ಸೇರಿಸದೆ ‘ಪಾಸ್ವರ್ಡ್’ ಎಂದು ಬರೆದರೆ 9, ವಕಾರ ಒತ್ತಾಗಿ ಕೆಳಗೆ ಹೋಗುತ್ತದೆ. ಈ ಉದಾಹರಣೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಪದದ ಕೊನೆಯಲ್ಲಿ, ಖಾಲಿ ಜಾಗದ ಮುಂಚೆ, ಉಳಿದುಹೋದ 8204 ಕಾಣುವುದಿಲ್ಲ. ‘ಪಾಸ್‌ವರ್ಡ್‌ಗೆ’ ಎಂಬಲ್ಲಿಂದ ವಿಭಕ್ತಿ ಪ್ರತ್ಯಯವನ್ನು ಅಳಿಸಿದಾಗ ಹಿಂದೆ ಉಳಿಯುವುದು ಇಂಥದ್ದೇ. ರಕಾರದ ವಿಷಯ ಇನ್ನೂ ಸೂಕ್ಷ್ಮ. ‘ಕಾರ್ಯಕ್ರಮ’ವನ್ನು ಅರ್ಕಾವತ್ತಿನಿಂದಲೂ, ರಕಾರದ ನಂತರ ಜಾಯ್ನರ್ (8205) ಮತ್ತು ವಿರಾಮ ಇಟ್ಟು ಯಕಾರವನ್ನು ಒತ್ತಾಗಿಸಿ ‘ಕಾರ‍್ಯಕ್ರಮ’ ಎಂದೂ ಬರೆಯುವುದುಂಟು. ವಿರಾಮದ ನಂತರ ಜಾಯ್ನರ್ ಇಡುವ ಕ್ರಮವೂ ಹಳೆಯ ಪಠ್ಯಗಳಲ್ಲಿ ಸಿಗುತ್ತದೆ. ಎನ್‌ಎಫ್‌ಸಿ ಆಗಲಿ ಎನ್‌ಎಫ್‌ಕೆಸಿ ಆಗಲಿ ಈ ಜೋಡಕಗಳನ್ನು ಮುಟ್ಟುವುದಿಲ್ಲ. ಹೋಲಿಕೆಗೆ ಮುನ್ನ ಅವನ್ನು ಕಿತ್ತುಹಾಕಬಹುದು. ಆದರೆ ಹಾಗೆ ಮಾಡಿದ ಪರೀಕ್ಷೆ ‘ಪಾಸ್ವರ್ಡ್’ ಎಂಬ ತಪ್ಪು ರೂಪವನ್ನೂ ಸರಿಯೆಂದು ಒಪ್ಪಿಕೊಳ್ಳುತ್ತದೆ. ಬಟನ್ ಹುಡುಕಲು ಕಿತ್ತುಹಾಕುವುದು ಸಮಂಜಸ. ಬಟನ್‌ನ ಪಠ್ಯ ಸರಿಯಿದೆಯೇ ಎಂದು ಪರಿಶೀಲಿಸುವಾಗ ಅದು ಸಮಂಜಸವಲ್ಲ. ಈ ಎರಡು ಉದ್ದೇಶಗಳಿಗೆ ಒಂದೇ ಹೋಲಿಕೆ ಸಾಲದು. ಆಂಡ್ರಾಯ್ಡ್‌ನ ಕನ್ನಡ ಪಠ್ಯಗಳ ಕಡತದಲ್ಲಿ ಜೋಡಕವನ್ನು ನೇರ ಅಕ್ಷರವಾಗಿ ಇಡದೆ ಎಸ್ಕೇಪ್ ಸಂಕೇತವಾಗಿ ಬರೆಯಲು ಅವಕಾಶವಿದೆ. ಪರಿಶೀಲಕರ ಕಣ್ಣಿಗೆ ಅದು ಕಾಣುವಂತಾಗುವುದು ಸಣ್ಣ ಲಾಭವೇನಲ್ಲ.

5.3 ಸೊನ್ನೆ ಮತ್ತು ಅನುಸ್ವಾರ. ಕನ್ನಡದ ಅಂಕಿ ಸೊನ್ನೆ (3302) ಮತ್ತು ಅನುಸ್ವಾರ (3202) ಅನೇಕ ಫಾಂಟ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಆಕಾರದವು. ಹಳೆಯ ಆಸ್ಕಿ ಫಾಂಟ್‌ಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯಗಳಲ್ಲಿ, ಕೆಲವು ಕೀಲಿಮಣೆಗಳಿಂದ ಅವಸರದಲ್ಲಿ ಬೆರಳಚ್ಚಿಸಿದವುಗಳಲ್ಲಿ, ‘ಸಂಖ್ಯೆ’ ಎಂಬುದು ‘ಸ೦ಖ್ಯೆ’ ಆಗಿರುವುದು ಚಿರಪರಿಚಿತ. ಇಲ್ಲಿ ಎರಡನೆಯ ರೂಪದಲ್ಲಿರುವುದು ಅಂಕಿ. ಯೂನಿಕೋಡ್‌ನ ದೃಷ್ಟಿಯಲ್ಲಿ ಇವುಗಳ ನಡುವೆ ಯಾವ ಸಮಾನತೆಯೂ ಇಲ್ಲ, ಇರಲೂಬಾರದು. ಇಂಥ ಪಠ್ಯದಿಂದ ಬಟನ್ ಹುಡುಕಿ ಸೋತ ಪರೀಕ್ಷೆ ನಿಜಕ್ಕೂ ಒಂದು ದೋಷವನ್ನು ಕಂಡುಹಿಡಿದಿದೆ. ಆದರೆ ವರದಿಯಲ್ಲಿ ಅದು ‘ಎಲಿಮೆಂಟ್ ಸಿಗಲಿಲ್ಲ’ ಎಂದು ದಾಖಲಾಗಿ ಸಾಧನದ ದೋಷಗಳ ಪಟ್ಟಿಗೆ ಸೇರಿಹೋಗುವ ಸಾಧ್ಯತೆ ಹೆಚ್ಚು. ಎಕ್ಸ್‌ಎಂಎಲ್ ಡಂಪ್ ಅನ್ನು ಕಣ್ಣಿನಿಂದ ಓದಿದರೂ ಕಾರಣ ಹೊಳೆಯದು; ಸಂಕೇತಸಂಖ್ಯೆಗಳನ್ನು ಮುದ್ರಿಸಿ ನೋಡಬೇಕು. ಇನ್ನು ನಿಜವಾದ ಅಂಕಿಗಳ ಮಟ್ಟಿಗೆ: ಸಿಎಲ್‌ಡಿಆರ್ ದತ್ತಾಂಶದಲ್ಲಿ ಕನ್ನಡ ಲೊಕೇಲ್‌ನ ಪೂರ್ವನಿಯೋಜಿತ ಅಂಕಿಗಳು 0–9, ಕನ್ನಡದ ೦–೯ ಅಲ್ಲ. ಆದ್ದರಿಂದ ಮೊತ್ತ, ದಿನಾಂಕಗಳಿರುವ ಪಠ್ಯಗಳಲ್ಲಿ ಕನ್ನಡ ಅಂಕಿಗಳನ್ನು ನಿರೀಕ್ಷಿಸಿ ಬರೆದ ಲೊಕೇಟರ್ (ಹುಡುಕುವ ಗುರುತು) ಸಾಮಾನ್ಯವಾಗಿ ಹೊಂದುವುದಿಲ್ಲ.

5.4 ಕಾಗುಣಿತದ ಪಾಠಾಂತರ. ‘ಮುಂದುವರಿಸಿ’ ಮತ್ತು ‘ಮುಂದುವರೆಸಿ’. ‘ನೋಂದಣಿ’ ಮತ್ತು ‘ನೊಂದಣಿ’. ‘ಆ್ಯಪ್’, ‘ಅ್ಯಾಪ್’ ಮತ್ತು ‘ಆಪ್’. ಇವು ಸಂಕೇತದ ಸಮಸ್ಯೆಗಳಲ್ಲ. ಅನುವಾದದ ಕೈ ಬದಲಾದಂತೆ ರೂಪ ಬದಲಾಗುತ್ತದೆ, ಒಂದೇ ಆ್ಯಪ್‌ನ ಎರಡು ಪರದೆಗಳಲ್ಲಿ ಎರಡು ರೂಪ ಇರುವುದೂ ಉಂಟು. ಯಾವ ಪ್ರಮಾಣೀಕರಣವೂ ಇದನ್ನು ಪರಿಹರಿಸದು. ಪರೀಕ್ಷೆಯಲ್ಲಿ ಪಠ್ಯವನ್ನು ಕೈಯಾರೆ ಬರೆಯದೆ ಆ್ಯಪ್‌ನ ಸ್ಟ್ರಿಂಗ್ ಕಡತದಿಂದಲೇ ಎತ್ತಿಕೊಂಡರೆ ಹೊಂದಾಣಿಕೆ ಸಿಗುತ್ತದೆ. ಆದರೆ ಹಾಗೆ ಎತ್ತಿಕೊಂಡ ಪಠ್ಯದಿಂದ ಪಠ್ಯದ ಸರಿತಪ್ಪನ್ನು ಪರೀಕ್ಷಿಸಿದಂತಾಗುವುದಿಲ್ಲ.

ಇಂಗ್ಲಿಷ್ ಇಂಟರ್‌ಫೇಸ್‌ಗಳಲ್ಲಿ ಪರೀಕ್ಷಕರನ್ನು ಕಾಡುವ ದೊಡ್ಡಕ್ಷರ–ಸಣ್ಣಕ್ಷರದ ತೊಡಕು ಕನ್ನಡದಲ್ಲಿ ಇಲ್ಲ. ಪಟ್ಟಿಯನ್ನು ಪೂರ್ಣಗೊಳಿಸಲು ಈ ಒಂದು ಅನುಕೂಲವನ್ನೂ ನಮೂದಿಸಬೇಕು.

6. ಒತ್ತುವ ಬಿಂದು

ನೋಡ್ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಅದರ ಬೌಂಡ್ಸ್ [84,1532][996,1676] ಆಗಿದ್ದರೆ ಕೇಂದ್ರ (540, 1604). ಈ ಸಂಖ್ಯೆಗಳು ಲೆಕ್ಕದ ನಿದರ್ಶನಕ್ಕಾಗಿ. ಯುಐ ಆಟೊಮೇಟರ್ ಚೌಕಟ್ಟಿನ ಕಾಣುವ ಭಾಗದ ಕೇಂದ್ರವನ್ನು ತೆಗೆದುಕೊಂಡು ಅಲ್ಲಿಗೆ ಸ್ಪರ್ಶವನ್ನು ತೂರಿಸುತ್ತದೆ. ಆ ಬಿಂದುವಿನಲ್ಲಿ ಬೇರೊಂದು ಪದರ, ಉದಾಹರಣೆಗೆ ಮೇಲೆದ್ದ ಕೀಲಿಮಣೆ ಅಥವಾ ಕೆಳಗಿನಿಂದ ಜಾರಿಬಂದ ಹಾಳೆ, ಇದ್ದರೆ ಸ್ಪರ್ಶ ಅದಕ್ಕೆ ಹೋಗುತ್ತದೆ. ಕ್ಲಿಕ್ ಯಶಸ್ವಿಯಾಯಿತು ಎಂಬ ಉತ್ತರದ ಅರ್ಥ ಘಟನೆಯನ್ನು ಕಳಿಸಲಾಯಿತು ಎಂದಷ್ಟೆ.

ಎಸ್ಪ್ರೆಸೊ ಕ್ಲಿಕ್‌ಗೆ ಮುನ್ನ ವ್ಯೂನ ಕನಿಷ್ಠ 90 ಪ್ರತಿಶತ ಭಾಗ ಕಾಣುತ್ತಿರಬೇಕೆಂದು ಷರತ್ತು ವಿಧಿಸುತ್ತದೆ. ಈ 90ನ್ನು ಹಲವರು ‘ಬೇರೇನೂ ಮುಚ್ಚಿಲ್ಲ’ ಎಂಬ ಅರ್ಥದಲ್ಲಿ ಓದುತ್ತಾರೆ. ಲೆಕ್ಕಕ್ಕೆ ಬರುವುದು ಪೂರ್ವಜ ವ್ಯೂಗಳಿಂದಲೂ ಪರದೆಯ ಅಂಚಿನಿಂದಲೂ ಕತ್ತರಿಸಿಹೋದ ಭಾಗ; ಅದೇ ಮಟ್ಟದ ಇನ್ನೊಂದು ವ್ಯೂ ಮೇಲೆ ಕೂತು ಮುಚ್ಚಿದ್ದು ಅದರಲ್ಲಿ ಸೇರುವುದಿಲ್ಲ. ವೆಬ್‌ಡ್ರೈವರ್ ಶಿಫಾರಸಿನಲ್ಲಿ, ಕ್ಲಿಕ್ ಬೇರೊಂದು ಅಂಶದಿಂದ ತಡೆಯಲ್ಪಟ್ಟಿತು ಎಂದು ತಿಳಿಸುವ ಪ್ರತ್ಯೇಕ ದೋಷಸಂಕೇತವೇ ಇದೆ. ಐಓಎಸ್‌ನಲ್ಲಿ ‘ಈಸ್ ಹಿಟ್ಟೆಬಲ್’ ಎಂಬ ಗುಣ ಅದಕ್ಕೆ ಸಮೀಪದ ಕೆಲಸ ಮಾಡುತ್ತದೆ. ಆಂಡ್ರಾಯ್ಡ್‌ನ ಹೊರಗಿನಿಂದ ಕಳಿಸುವ ಸ್ಪರ್ಶಕ್ಕೆ ಇಂಥ ಕಾವಲು ದುರ್ಬಲ.

ಕನ್ನಡಕ್ಕೆ ವಿಶಿಷ್ಟವಾದ ಒಂದು ಸಂದರ್ಭ ಇಲ್ಲಿ ಗಮನಾರ್ಹ. ನೋಂದಣಿ ಪರದೆಗಳಲ್ಲಿ ನಿಯಮಗಳಿಗೆ ಒಪ್ಪಿಗೆ ಸೂಚಿಸುವ ಒಂದು ವಾಕ್ಯ ಇರುತ್ತದೆ. ಅದರ ಒಂದು ತುಣುಕು ಮಾತ್ರ ಲಿಂಕ್. ಇಂಗ್ಲಿಷ್ ವಾಕ್ಯದಲ್ಲಿ ‘ನಿಯಮಗಳು’ ಎಂಬರ್ಥದ ಪದ ಸಾಮಾನ್ಯವಾಗಿ ಕೊನೆಗೆ, ಅಂದರೆ ಬಲಕ್ಕೆ ಬರುತ್ತದೆ. ಕನ್ನಡದಲ್ಲಿ ‘ನಿಯಮ ಮತ್ತು ಷರತ್ತುಗಳಿಗೆ ನನ್ನ ಒಪ್ಪಿಗೆ ಇದೆ’ ಎಂದಾಗ ಲಿಂಕ್ ಎಡಕ್ಕೆ, ಆರಂಭಕ್ಕೆ ಬರುತ್ತದೆ. ಇಡೀ ವಾಕ್ಯ ಒಂದೇ ಟೆಕ್ಸ್ಟ್-ವ್ಯೂ ಆಗಿದ್ದರೆ ಅದರ ಕೇಂದ್ರ ಎರಡೂ ಭಾಷೆಗಳಲ್ಲಿ ಲಿಂಕಿನ ಹೊರಗೆ ಬೀಳಬಹುದು. ಇದನ್ನು ಕಂಡುಕೊಂಡು, ಚೌಕಟ್ಟಿನ ಅಗಲದ 80 ಪ್ರತಿಶತದ ಬಳಿ ಒತ್ತುವಂತೆ ಇಂಗ್ಲಿಷ್ ಪರದೆ ನೋಡಿ ಹೊಂದಿಸಿದ ಪರೀಕ್ಷೆ, ಕನ್ನಡದಲ್ಲಿ ‘ಇದೆ’ ಎಂಬ ಕ್ರಿಯಾಪದವನ್ನು ಒತ್ತಿ ಏನೂ ಆಗಲಿಲ್ಲವೆಂದು ವರದಿ ಮಾಡುತ್ತದೆ. ವಾಕ್ಯ ಎರಡು ಸಾಲಿಗೆ ಮುರಿದರೆ ಅನುಪಾತದ ಲೆಕ್ಕ ಇನ್ನೂ ಕೆಡುತ್ತದೆ. ಲಿಂಕ್‌ನ ಪಠ್ಯದಿಂದಲೇ ಅದನ್ನು ತೆರೆಯುವ ಕ್ರಿಯೆ ಎಸ್ಪ್ರೆಸೊದಲ್ಲಿ ಇದೆ. ಅದು ಬಿಂದುವಿನ ಲೆಕ್ಕವನ್ನೇ ತಪ್ಪಿಸುತ್ತದೆ, ಆದರೆ 5ನೇ ಭಾಗದ ಪಠ್ಯ ಸಮಾನತೆಯ ತೊಡಕನ್ನು ಮರಳಿ ತರುತ್ತದೆ.

6.1 ಗಾತ್ರದ ಕುರಿತು ಒಂದು ವ್ಯತ್ಯಾಸ. ಆಂಡ್ರಾಯ್ಡ್ ಮಾರ್ಗಸೂಚಿ ಸ್ಪರ್ಶಗುರಿಗೆ ಕನಿಷ್ಠ 48 ಡಿಪಿ ಕೇಳುತ್ತದೆ. ಅದು ಸುಮಾರು 9 ಮಿ.ಮೀ. ಎಂದೂ ಹೇಳುತ್ತದೆ. ಡಿಪಿಯ ವ್ಯಾಖ್ಯೆ ಇಂಚಿನ 160ನೇ ಒಂದು ಭಾಗ. ಅದರಂತೆ 48 ಡಿಪಿ = 0.3 ಇಂಚು = 7.62 ಮಿ.ಮೀ. ಎರಡು ಅಂಕಿಗಳ ನಡುವಿನ ಅಂತರ ಸುಮಾರು 1.4 ಮಿ.ಮೀ., ಕಡೆಗಣಿಸುವಷ್ಟು ಚಿಕ್ಕದಲ್ಲ. ಫೋನ್ ಘೋಷಿಸುವ ಸಾಂದ್ರತೆ ಅದರ ಪರದೆಯ ಭೌತಿಕ ಸಾಂದ್ರತೆಗೆ ಸಮನಾಗಿರಬೇಕಿಲ್ಲ, ನಿಗದಿತ ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿದ್ದಾಗಿರುತ್ತದೆ ಎಂಬುದು ಸಂಭವನೀಯ ವಿವರಣೆ. 9 ಎಂಬುದು ವ್ಯಾಖ್ಯೆಯಿಂದ ಬಂದದ್ದಲ್ಲ, ನಿಜ ಫೋನ್‌ಗಳ ಅಂದಾಜು ಸರಾಸರಿ ಇರಬಹುದು. ಆ್ಯಪಲ್‌ನ 44 ಪಾಯಿಂಟ್ ಮೊದಲ ಐಫೋನ್‌ನ ಇಂಚಿಗೆ 163 ಪಿಕ್ಸೆಲ್ ಲೆಕ್ಕದಲ್ಲಿ 6.86 ಮಿ.ಮೀ. ಆಗುತ್ತದೆ. ಪರೀಕ್ಷೆಗೆ ಇದರ ಸಂಬಂಧ ಹೀಗೆ: ಡಂಪ್‌ನ ಬೌಂಡ್ಸ್ ಪಿಕ್ಸೆಲ್‌ನಲ್ಲಿರುತ್ತದೆ, 48 ಡಿಪಿ 320ರ ಸಾಂದ್ರತೆಯಲ್ಲಿ 96 ಪಿಕ್ಸೆಲ್, 420ರಲ್ಲಿ 126, 480ರಲ್ಲಿ 144. ಸಾಂದ್ರತೆ ನಮೂದಿಸದ ಬೌಂಡ್ಸ್‌ನಿಂದ ಗುರಿಯ ಗಾತ್ರವನ್ನು ತೀರ್ಮಾನಿಸಲಾಗದು. ತಂತ್ರಾಂಶದ ಸ್ಪರ್ಶ ಒಂದು ಬಿಂದು, ಹೆಬ್ಬೆರಳು ಹಾಗಲ್ಲ. ಮನುಷ್ಯರು ಒತ್ತಲಾರದ ಬಟನ್ ಪರೀಕ್ಷೆಯಲ್ಲಿ ನಿರಾಯಾಸ ಪಾಸ್ ಆಗುತ್ತದೆ.

7. ಕಾಲ

ಹುಡುಕಾಟ ಒಂದು ಕ್ಷಣದ ವೃಕ್ಷದ ಮೇಲೆ ನಡೆಯುತ್ತದೆ. ಒತ್ತುವಿಕೆ ನಂತರದ ಕ್ಷಣದ ಪರದೆಯ ಮೇಲೆ. ನಡುವೆ ಪರದೆ ಸರಿದರೆ ಬಿಂದು ಹಳತಾಗುತ್ತದೆ. ಇದನ್ನು ತಡೆಯಲು ಯುಐ ಆಟೊಮೇಟರ್ ಪರದೆ ‘ನಿಶ್ಚಲ’ವಾಗುವವರೆಗೆ ಕಾಯುತ್ತದೆ. ನಿಶ್ಚಲ ಎಂದರೆ ಇಂತಿಷ್ಟು ಹೊತ್ತು ಯಾವ ಅಕ್ಸೆಸಿಬಿಲಿಟಿ ಘಟನೆಯೂ ಬಾರದಿರುವುದು. ಆ ಹೊತ್ತು ಎಷ್ಟೆಂಬುದರಲ್ಲಿ ಒಂದೇ ಕುಟುಂಬದ ಎರಡು ಸಾಧನಗಳು ಭಿನ್ನ: ಮೂಲಸಂಕೇತದಲ್ಲಿ ಯುಐ ಆಟೊಮೇಟರ್ ಗ್ರಂಥಾಲಯದ ಮೌಲ್ಯ 500 ಮಿಲಿಸೆಕೆಂಡ್, ಡಂಪ್ ಆದೇಶದ್ದು 1000. ಒಟ್ಟು ಕಾಯುವ ಮಿತಿ ಎರಡರಲ್ಲೂ 10 ಸೆಕೆಂಡ್. ಹೀಗಾಗಿ ಪರದೆಯಲ್ಲಿ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಅಂತರದಲ್ಲಿ ಏನಾದರೂ ಬದಲಾಗುತ್ತಲೇ ಇದ್ದರೆ, ಗ್ರಂಥಾಲಯ ಅದನ್ನು ನಿಶ್ಚಲವೆಂದು ಒಪ್ಪಬಹುದು, ಡಂಪ್ ಒಪ್ಪದೆ ನಿಶ್ಚಲ ಸ್ಥಿತಿ ಸಿಗಲಿಲ್ಲವೆಂಬ ದೋಷ ಕೊಡಬಹುದು. ಓಟಿಪಿಗಾಗಿ ಸೆಕೆಂಡ್ ಎಣಿಸುವ ಪರದೆಗಳಲ್ಲಿ ಈ ವರ್ತನೆ ಕಾಣಸಿಗುತ್ತದೆ. ಲೊಕೇಟರ್ ಸರಿಯಿದ್ದೂ ಪರಿಶೀಲನೆಯ ಸಾಧನ ಅದನ್ನು ತೋರಿಸಲಾರದ ವಿಚಿತ್ರ ಸ್ಥಿತಿ ಇದು.

ಎಸ್ಪ್ರೆಸೊ ಮುಖ್ಯ ಥ್ರೆಡ್‌ನ ಸಾಲು ಖಾಲಿಯಾಗುವುದನ್ನು ಕಾಯುತ್ತದೆ. ಆ್ಯನಿಮೇಶನ್‌ಗೆ ಸಂಬಂಧಿಸಿದ ಮೂರು ಸೆಟ್ಟಿಂಗ್‌ಗಳನ್ನು ಪರೀಕ್ಷೆಯ ಫೋನ್‌ನಲ್ಲಿ ನಿಲ್ಲಿಸಬೇಕೆಂದು ಅದರ ದಾಖಲೆ ಹೇಳುತ್ತದೆ. ಇದು ಪ್ರಾಯೋಗಿಕವಾಗಿ ಸರಿ. ಆದರೆ ಹಾಗೆ ಪರೀಕ್ಷಿಸಿದ್ದು ಬಳಕೆದಾರರ ಕೈಯಲ್ಲಿರುವ ಪರದೆಗಿಂತ ಸ್ವಲ್ಪ ಭಿನ್ನವಾದ ಪರದೆ ಎಂಬುದನ್ನು ದಾಖಲಿಸಬೇಕು.

ಸ್ಪರ್ಶಕ್ಕೂ ಅವಧಿ ಇದೆ. ಯುಐ ಆಟೊಮೇಟರ್‌ನ ಸಾಮಾನ್ಯ ಕ್ಲಿಕ್‌ನಲ್ಲಿ ಬೆರಳಿಟ್ಟ ಮತ್ತು ಎತ್ತಿದ ಘಟನೆಗಳ ನಡುವೆ 100 ಮಿಲಿಸೆಕೆಂಡ್. ಆಂಡ್ರಾಯ್ಡ್ ದೀರ್ಘ ಒತ್ತುವಿಕೆ ಎಂದು ತಿಳಿಯುವ ಮಿತಿ ಹಳೆಯ ಆವೃತ್ತಿಗಳಲ್ಲಿ 500, ಈಚಿನ ಮೂಲಸಂಕೇತದಲ್ಲಿ 400. ಕೆಲಸದ ಹೊರೆಯಿಂದ ನಿಧಾನವಾದ ಎಮ್ಯುಲೇಟರ್‌ನಲ್ಲಿ 100 ಎಂಬುದು ಹಿಗ್ಗಿ ಈ ಮಿತಿ ದಾಟಿದರೆ ಟ್ಯಾಪ್ ದೀರ್ಘ ಒತ್ತುವಿಕೆಯಾಗಿ ಮಾರ್ಪಡುತ್ತದೆ. ಎಸ್ಪ್ರೆಸೊ ಈ ಸಾಧ್ಯತೆಯನ್ನು ಗುರುತಿಸಿ, ಟ್ಯಾಪ್‌ನ ಫಲಿತಾಂಶಗಳಲ್ಲಿ ಯಶಸ್ಸು, ವೈಫಲ್ಯಗಳಲ್ಲದೆ ‘ಎಚ್ಚರಿಕೆ’ ಎಂಬ ಮೂರನೆಯ ಸ್ಥಿತಿಯನ್ನೂ ಇಟ್ಟಿದೆ. 500ರಿಂದ 400ಕ್ಕೆ ಇಳಿದ ಮಿತಿ ಬಳಕೆದಾರರಿಗೆ ಗಮನಕ್ಕೆ ಬಾರದಿರಬಹುದು. ನಿಧಾನ ಯಂತ್ರಗಳ ಮೇಲೆ ಓಡುವ ಪರೀಕ್ಷೆಗಳಿಗೆ ಅದು ಉಸಿರಾಡುವ ಜಾಗವನ್ನು ಕಾಲು ಭಾಗ ತಗ್ಗಿಸಿದೆ.

8. ದಾಖಲಿಸಬೇಕಾದ ವಿವರ

ಮೇಲಿನ ಭಾಗಗಳು ಸರಿಯಿದ್ದಲ್ಲಿ, ಕನ್ನಡ ಇಂಟರ್‌ಫೇಸ್‌ನ ಪರೀಕ್ಷಾ ವರದಿಯಲ್ಲಿ ಕಾರ್ಯವ್ಯವಸ್ಥೆಯ ಆವೃತ್ತಿ, ಘೋಷಿತ ಸಾಂದ್ರತೆ, ಫೋನ್ ಮತ್ತು ಆ್ಯಪ್‌ನ ಭಾಷೆಗಳು ಪ್ರತ್ಯೇಕವಾಗಿ, ಆ್ಯನಿಮೇಶನ್ ಸ್ಥಿತಿ, ಹೋಲಿಕೆಗೆ ಬಳಸಿದ ಪ್ರಮಾಣಿತ ರೂಪ, ಜೋಡಕಗಳನ್ನು ಕಿತ್ತಿದೆಯೇ ಎಂಬುದು ಇಷ್ಟಾದರೂ ಇರಬೇಕು. ಪಠ್ಯದ ಲೊಕೇಟರ್ ಸೋತಾಗ ನಿರೀಕ್ಷಿತ ಮತ್ತು ಸಿಕ್ಕ ಮಾಲೆಗಳನ್ನು ಅಕ್ಷರಗಳಾಗಿ ಮಾತ್ರವಲ್ಲ, ಸಂಕೇತಸಂಖ್ಯೆಗಳಾಗಿಯೂ ಬರೆದಿಡುವುದು ಹೆಚ್ಚಿನ ಶ್ರಮದ ಕೆಲಸವಲ್ಲ. ಒತ್ತಿದ ನಂತರ ಪರದೆಯಲ್ಲಿ ನಿರೀಕ್ಷಿತ ಬದಲಾವಣೆ ಆಯಿತೇ ಎಂಬ ಪ್ರತ್ಯೇಕ ಪರಿಶೀಲನೆ ಇಲ್ಲದಿದ್ದರೆ, ಆ ಹಂತವನ್ನು ‘ಬಟನ್ ಒತ್ತಲಾಯಿತು’ ಎಂದು ಬರೆಯುವ ಬದಲು ‘ಇಂಥ ಬಿಂದುವಿಗೆ ಸ್ಪರ್ಶ ಕಳಿಸಲಾಯಿತು’ ಎಂದು ಬರೆಯುವುದು ಹೆಚ್ಚು ನಿಖರ.